ದಶಾಂಶ ಬಿಂದುವಿನ ನಂತರದ ಆ 3

ಲೋಹದ ತ್ರೀ-ಡಿ ಪ್ರಿಂಟಿಂಗ್ ಬಗ್ಗೆ ಮೈಸೂರಿನಲ್ಲಿ ಈಗ ಯಾರು ಉಪನ್ಯಾಸ ಕೊಟ್ಟರೂ ಪರದೆಯ ಮೇಲೆ ಕೆಂಪು, ಹಳದಿ, ನೀಲಿ ಬಣ್ಣದ ಥರ್ಮಲ್ ಕ್ಯಾಮೆರಾ ಚಿತ್ರವೊಂದು ಬಂದೇ ಬರುತ್ತದೆ. ಪಕ್ಕದಲ್ಲಿ 1742.3 ಡಿಗ್ರಿ ಎಂಬಂಥ ಅಂಕಿ. ಸಭಿಕರು ತಲೆದೂಗುತ್ತಾರೆ. ನನಗೆ ಮಾತ್ರ ಆ ಬಿಂದುವಿನ ನಂತರದ 3 ಕಂಡರೆ ಮೈ ಉರಿಯುತ್ತದೆ. ಎಷ್ಟೋ ಸಲ ಅದರ ಹಿಂದಿರುವ 42ಕ್ಕೂ ಆಧಾರವಿರುವುದಿಲ್ಲ.

ಈ ಪ್ರಿಂಟಿಂಗ್ ಯಂತ್ರದಲ್ಲಿ ಲೋಹದ ಪುಡಿಯನ್ನು ಪದರ ಪದರವಾಗಿ, ಹತ್ತಾರು ಮೈಕ್ರಾನ್ ದಪ್ಪಕ್ಕೆ ಹರಡುತ್ತಾರೆ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿರುವ ಲೇಸರ್ ಚುಕ್ಕೆ ಅದರ ಮೇಲೆ ಸೆಕೆಂಡಿಗೆ ಸುಮಾರು ಒಂದು ಮೀಟರ್ ವೇಗದಲ್ಲಿ ಓಡಿ ಪುಡಿಯನ್ನು ಕರಗಿಸುತ್ತದೆ. ಅಲ್ಲಿಗೆ ತಾಪ ಅಳೆಯುವ ತಂತಿ, ಅಂದರೆ ಥರ್ಮೋಕಪಲ್, ಮುಟ್ಟಿಸುವ ಮಾತೇ ಇಲ್ಲ. ಕಾದ ಮೈಯಿಂದ ಹೊರಡುವ ಬೆಳಕನ್ನು ಅಳೆದು, ಅದರಿಂದ ತಾಪಮಾನವನ್ನು ಲೆಕ್ಕ ಹಾಕಬೇಕು. ತೊಡಕು ಶುರುವಾಗುವುದೇ ಈ ಲೆಕ್ಕದಲ್ಲಿ.

ನಂಬಿಕೆ ಬರದಿದ್ದರೆ ಅಡುಗೆಮನೆಯಲ್ಲೇ ನೋಡಬಹುದು. ಥಳಥಳಿಸುವ ಸ್ಟೀಲ್ ಪಾತ್ರೆಯಲ್ಲಿ ನೀರು ಕುದಿಸಿ, ಒಲೆ ಆರಿಸಿ, ಮುಟ್ಟದೆಯೇ ತಾಪ ಅಳೆಯಲು ಕಾರ್ಖಾನೆಯಲ್ಲಿ ಬಳಸುವ ಇನ್‌ಫ್ರಾರೆಡ್ ಗನ್ನನ್ನು ಪಾತ್ರೆಯ ಹೊರಮೈಗೆ ಹಿಡಿಯಿರಿ. ನಲವತ್ತೋ ಐವತ್ತೋ ತೋರಿಸುತ್ತದೆ. ಅದೇ ಜಾಗಕ್ಕೆ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಮತ್ತೆ ಹಿಡಿದರೆ ತೊಂಬತ್ತರ ಆಸುಪಾಸಿಗೆ ಏರುತ್ತದೆ. ಪಾತ್ರೆ ಅದೇ, ನೀರು ಅದೇ. ಹೊಳೆಯುವ ಲೋಹ ತನ್ನ ಬಿಸಿಯನ್ನು ಬೆಳಕಾಗಿ ಹೊರಬಿಡುವುದರಲ್ಲಿ ಮಹಾ ಜುಗ್ಗ. ಒಂದು ಮೈ ಎಷ್ಟು ಧಾರಾಳವಾಗಿ ಹೊರಬಿಡುತ್ತದೆ ಎಂದು ಸೊನ್ನೆಯಿಂದ ಒಂದರವರೆಗೆ ಅಳೆಯುವ ಸಂಖ್ಯೆಯೇ ಎಮಿಸಿವಿಟಿ.

ಪಾತ್ರೆಗಾದರೆ ಟೇಪ್ ಅಂಟಿಸಿದೆವು, ಕರಗಿದ ಟೈಟಾನಿಯಮ್ಮಿಗೆ ಏನು ಅಂಟಿಸುತ್ತೀರಿ? ಪುಡಿಯ ಎಮಿಸಿವಿಟಿ ಒಂದು, ಕರಗಿದ ದ್ರವದ್ದು ಇನ್ನೊಂದು, ಗಟ್ಟಿಯಾದ ಮೇಲಿನದು ಮತ್ತೊಂದು, ತೆಳು ಆಕ್ಸೈಡ್ ಪದರ ಕೂತರೆ ಬೇರೆಯೇ. ನಿಜವಾದ ತಾಪ 1900 ಕೆಲ್ವಿನ್, ನಿಜವಾದ ಎಮಿಸಿವಿಟಿ 0.3 ಎಂದುಕೊಳ್ಳಿ. ನೀವು 0.4 ಎಂದು ನಮೂದಿಸಿದರೆ 0.9 ಮೈಕ್ರಾನ್ ತರಂಗಾಂತರದಲ್ಲಿ ನೋಡುವ ಕ್ಯಾಮೆರಾ ಸುಮಾರು 60 ಡಿಗ್ರಿ ಕಡಿಮೆ ತೋರಿಸುತ್ತದೆ. 10 ಮೈಕ್ರಾನಿನಲ್ಲಿ ನೋಡುವ ಅಗ್ಗದ ಕ್ಯಾಮೆರಾ ಆದರೆ ಈ ಕೊರತೆ 300 ಡಿಗ್ರಿಯನ್ನೂ ಮೀರುತ್ತದೆ! ಇದು ಕಾದ ವಸ್ತು ಯಾವ ತಾಪದಲ್ಲಿ ಎಷ್ಟು ಬೆಳಕು ಬಿಡುತ್ತದೆ ಎಂದು ಹೇಳುವ ಪ್ಲಾಂಕ್ ನಿಯಮದ ಸರಳ ಲೆಕ್ಕ, ಯಾರು ಬೇಕಾದರೂ ಹಾಕಿ ನೋಡಬಹುದು.

ಎರಡು ತರಂಗಾಂತರಗಳಲ್ಲಿ ಬರುವ ಬೆಳಕಿನ ಅನುಪಾತ ತೆಗೆದುಕೊಂಡರೆ ಎಮಿಸಿವಿಟಿಯ ಕಾಟ ತಪ್ಪುತ್ತದೆ ಎನ್ನುವವರಿದ್ದಾರೆ. ಎರಡರಲ್ಲೂ ಎಮಿಸಿವಿಟಿ ಒಂದೇ ಆಗಿದ್ದರೆ ಮಾತ್ರ ತಪ್ಪುತ್ತದೆ. ಲೋಹಗಳಲ್ಲಿ ಅದು ಸಾಮಾನ್ಯವಾಗಿ ಒಂದೇ ಇರುವುದಿಲ್ಲ. ಇದರ ಮೇಲೆ ಲೋಹದ ಆವಿ, ಸಿಡಿಯುವ ಕಿಡಿ, ಬಿಸಿ ಮತ್ತು ತಣ್ಣನೆಯ ಜಾಗಗಳನ್ನು ಒಂದೇ ಪಿಕ್ಸೆಲ್‌ನಲ್ಲಿ ಕಲಸಿಬಿಡುವ ಲೆನ್ಸ್.

ಹಾಗೆಂದು ಈ ಕ್ಯಾಮೆರಾಗಳು ದಂಡ ಎಂದು ನಾನು ಹೇಳುವುದಿಲ್ಲ. ನಿನ್ನೆಯ ಪದರಕ್ಕಿಂತ ಇಂದಿನದು ಹೆಚ್ಚು ಬೆಳಗುತ್ತಿದೆ ಎಂಬುದು ಬೆಲೆಯುಳ್ಳ ಮಾಹಿತಿ; ಅದನ್ನು ಹಾಗೆಯೇ ಹೇಳಿದರೆ ಸಾಕು, ಡಿಗ್ರಿಯ ವೇಷ ಹಾಕಬೇಕಾಗಿಲ್ಲ. ಡಿಗ್ರಿಯೇ ಬೇಕಿದ್ದರೆ ಲೋಹವೇ ಒಂದು ಗುರುತು ಕೊಡುತ್ತದೆ. ಇಂಕೊನೆಲ್ 625 ಎಂಬ ನಿಕಲ್ ಮಿಶ್ರಲೋಹ ಸುಮಾರು 1350 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿಯಾಗಲು ತೊಡಗಿ 1290ರ ಹೊತ್ತಿಗೆ ಪೂರ್ತಿ ಗಟ್ಟಿಯಾಗುತ್ತದೆ. ತಣ್ಣಗಾಗುವಾಗ ಕ್ಯಾಮೆರಾದ ಸಂಕೇತದಲ್ಲಿ ಅಲ್ಲೊಂದು ತಿರುವು ಸಿಕ್ಕರೆ ಅದನ್ನು ಹಿಡಿದು ಮಾಪನವನ್ನು ಸರಿದೂಗಿಸಬಹುದು. ಅಮೆರಿಕದ ಮಾಪನ ಸಂಸ್ಥೆ ನಿಸ್ಟ್ ತ್ರೀ-ಡಿ ಪ್ರಿಂಟಿಂಗ್‌ನ ಲೆಕ್ಕಗಳನ್ನು ನಿಜವಾದ ಅಳತೆಯೊಂದಿಗೆ ಹೋಲಿಸಿ ನೋಡುವ 2018ರ ತನ್ನ ಎಎಂ-ಬೆಂಚ್ ಪಂದ್ಯದಲ್ಲಿ ಇದೇ ಲೋಹದ ಮೇಲೆ ಲೇಸರ್ ಗೆರೆ ಎಳೆದು, ಕರಗಿದ ಲೋಹದ ಕೊಳದ ಉದ್ದ ಎಷ್ಟು, ಅದು ತಣ್ಣಗಾಗುವ ವೇಗ ಎಷ್ಟು ಎಂದು ಲೆಕ್ಕ ಹಾಕಿ ಹೇಳಲು ಸಂಶೋಧಕರನ್ನು ಕೇಳಿತು. ಕೊಳದ ನಡುವಿನ ಗರಿಷ್ಠ ತಾಪದ ಬಗ್ಗೆ ಜಂಬ ಕೊಚ್ಚುವುದಕ್ಕಿಂತ ಇಂಥ ಪ್ರಶ್ನೆಗಳೇ ನನಗೆ ಇಷ್ಟ.

ನಮ್ಮ ಕಾಲೇಜೊಂದರ ಪ್ರದರ್ಶನದಲ್ಲಿ ಒಬ್ಬ ಹುಡುಗನನ್ನು, ‘ಎಮಿಸಿವಿಟಿ ಎಷ್ಟು ಕೊಟ್ಟಿದ್ದೀಯಪ್ಪಾ?’ ಎಂದು ಕೇಳಿದೆ. ‘ಅದು ಸಾಫ್ಟ್‌ವೇರಿನಲ್ಲೇ ಇರುತ್ತದೆ ಸರ್’ ಎಂದ. ತೆರೆದು ನೋಡಿದರೆ 0.95. ಮನುಷ್ಯರ ಚರ್ಮಕ್ಕೆ, ಪೇಂಟ್ ಬಳಿದ ಗೋಡೆಗೆ ಸರಿಹೊಂದುವ ಸಂಖ್ಯೆ! ಹುಡುಗನದೇನೂ ತಪ್ಪಿಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕೂರ್ಗಳ್ಳಿಯಲ್ಲಿ ಶೆಡ್ ಇಟ್ಟುಕೊಂಡಿರುವ ಪರಿಚಿತರೊಬ್ಬರು ಇಂಥ ಯಂತ್ರ ಕೊಳ್ಳಲು ಓಡಾಡುತ್ತಿದ್ದಾರೆ. ಯಾವ ತರಂಗಾಂತರ, ಯಾವ ಎಮಿಸಿವಿಟಿ, ಎಷ್ಟು ಡಿಗ್ರಿ ಹೆಚ್ಚುಕಡಿಮೆಯಾಗಬಹುದು ಎಂದು ಮೊದಲು ಕೇಳಿ ಎಂದು ಹೇಳಿ ಕಳುಹಿಸಿದ್ದೆ. ಮಾರಲು ಬಂದವರು ಎರಡನೆಯ ಪ್ರಶ್ನೆಗೇ ‘ಹೆಡ್ ಆಫೀಸಿಗೆ ಕೇಳಿ ತಿಳಿಸುತ್ತೇವೆ ಸರ್’ ಎಂದು ಎದ್ದರಂತೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ.