ಆಷಾಢದ ಪುಟಕ್ಕೂ ಮಾಘದ ಬಿಸಿಲೇ?

ಟೋಕಿಯೊದ ಶಿಬಾ ಪ್ರದೇಶದಲ್ಲಿರುವ ಝೋಜೋಜಿ ಬೌದ್ಧ ದೇವಾಲಯದ ಕೆಂಪು ಮಹಾದ್ವಾರ 1622ರಿಂದ ನಿಂತಿದೆ. ಜಪಾನೀ ಕಲಾವಿದ ಕವಾಸೆ ಹಾಸುಯಿ 1925ರಲ್ಲಿ ಅದನ್ನು ಮರದಚ್ಚಿನ ಚಿತ್ರವಾಗಿ (ಮರದ ಹಲಗೆಗಳಲ್ಲಿ ಕೆತ್ತಿ, ಬಣ್ಣ ಬಳಿದು, ಒಂದೊಂದಾಗಿ ಹಾಳೆಗೆ ಒತ್ತುವ ಚಿತ್ರ) ರಚಿಸಿದಾಗ ಕಟ್ಟಡದಷ್ಟೇ ಮುತುವರ್ಜಿಯನ್ನು ಹವೆಗೂ ಕೊಟ್ಟರು: ಗಾಳಿಗೆ ಓರೆಯಾಗಿ ಬೀಳುವ ಹಿಮ, ಅದರ ಭಾರ ಹೊತ್ತ ಪೈನ್ ಮರ, ಕೊಡೆಯನ್ನು ಗಾಳಿಗೆ ಅಡ್ಡ ಹಿಡಿದು ಬಾಗಿ ನಡೆಯುತ್ತಿರುವ ಒಬ್ಬ ಹೆಂಗಸು. ಟೋಕಿಯೊದಲ್ಲಿ ನೆಲೆಸಿರುವ ನನಗೆ ಈ ಚಿತ್ರವನ್ನು ಕಂಡಾಗಲೆಲ್ಲ ನಮ್ಮ ಗುಡಿಗಳ ಚಿತ್ರಗಳ ಬಗ್ಗೆ ಒಂದು ತಕರಾರು ಏಳುತ್ತದೆ.

ಬೇಲೂರು, ಹಳೇಬೀಡು, ಸೋಮನಾಥಪುರಗಳ ಚಿತ್ರಗಳು ಕ್ಯಾಲೆಂಡರಿನಲ್ಲಿರಲಿ, ಪ್ರವಾಸೋದ್ಯಮದ ಭಿತ್ತಿಪತ್ರದಲ್ಲಿರಲಿ, ಆಕಾಶ ನೀಲಿ, ಅಂಗಳ ಖಾಲಿ. ಜಪಾನಿನ ಮರದ ಗುಡಿಯ ಸೊಬಗು ಮುಂಚಾಚಿದ ಮಾಡಿನಲ್ಲಿದೆ, ಅದನ್ನು ದೂರದಿಂದ ನೋಡಬೇಕು; ಹೊಯ್ಸಳರ ಬಳಪದ ಕಲ್ಲಿನ ಕುಸುರಿಯನ್ನಾದರೋ ಹತ್ತಿರದಿಂದಲೇ ನೋಡಬೇಕು, ಆದ್ದರಿಂದ ಒಳ್ಳೆಯ ಬೆಳಕು ಬೇಕೆಂಬ ಸಮರ್ಥನೆ ಇದೆ. ಅದು ಅರ್ಧ ಮಾತ್ರ ನಿಜ. ನಿಕ್ಕೋದ ತೋಶೋಗು ಮಂದಿರದ ಯೋಮೇಯಿಮೋನ್ ದ್ವಾರವೂ ಕೆತ್ತನೆಗಳಿಂದ ಕಿಕ್ಕಿರಿದದ್ದೇ. ಇನ್ನೊಬ್ಬ ಮರದಚ್ಚಿನ ಕಲಾವಿದ ಯೋಶಿದಾ ಹಿರೋಶಿ 1937ರಲ್ಲಿ ಅದನ್ನು ಅಚ್ಚಿಗಿಳಿಸಲು ಒಂದೇ ಹಾಳೆಯ ಮೇಲೆ 96 ಸಲ ಅಚ್ಚೊತ್ತಿಸಿದರು. ಪ್ರತಿ ಸಲವೂ ಹಲಗೆಯ ಅಂಚಿನಲ್ಲಿ ಕೊರೆದ ಗುರುತಿಗೆ ಹಾಳೆಯನ್ನು ಸರಿಯಾಗಿ ಕೂರಿಸಿ, ಬಿದಿರಿನ ಸಿಪ್ಪೆ ಹೊದಿಸಿದ ಬಿಲ್ಲೆಯಿಂದ ಹಾಳೆಯ ಬೆನ್ನ ಮೇಲೆ ಉಜ್ಜಬೇಕು. ಗುರುತು ಕೂದಲೆಳೆಯಷ್ಟು ತಪ್ಪಿದರೂ ಬಣ್ಣ ಗೆರೆಯಿಂದಾಚೆ ಸರಿಯುತ್ತದೆ. ಕಲ್ಲಿನ ಕಟ್ಟಡಕ್ಕೆ ಈ ರೀತಿ ಒಗ್ಗದು ಎನ್ನುವವರು, ಭಾರತಕ್ಕೆ ಬಂದುಹೋದ ಇದೇ ಕಲಾವಿದ ತಾಜ್ ಮಹಲನ್ನು ಬೆಳಗಿನ ಮಂಜಿನಲ್ಲೂ ರಾತ್ರಿಯಲ್ಲೂ ಬೇರೆ ಬೇರೆಯಾಗಿ ಅಚ್ಚು ಹಾಕಿಸಿದ್ದನ್ನು ನೋಡಬೇಕು.

ಅಷ್ಟು ದೂರವೂ ಹೋಗಬೇಕಿಲ್ಲ. 1430ರಲ್ಲಿ ಕಟ್ಟಲು ಆರಂಭಿಸಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಕರಾವಳಿಯ ಮಳೆಗೆಂದೇ ಇಳಿಜಾರಿನ ಮಾಡುಗಳಿವೆ. ಆಕಾರದಲ್ಲಿ ಅದು ಹಾಸುಯಿಯ ಗುಡಿಗಳಿಗೆ ಎಷ್ಟು ಹತ್ತಿರವೆಂದರೆ, ಜಪಾನೀ ಗೆಳೆಯರಿಗೆ ಅದರ ಚಿತ್ರ ತೋರಿಸಿದರೆ ಭಾರತದ್ದೆಂದು ನಂಬಲು ಹಿಂಜರಿಯುತ್ತಾರೆ. ಆದರೆ ಆ ಮಾಡು ಯಾವ ಮಳೆಗಾಗಿ ಇಳಿಜಾರಾಯಿತೋ ಆ ಮಳೆಯೇ ಸಾಮಾನ್ಯವಾಗಿ ಚಿತ್ರದಲ್ಲಿ ಇರುವುದಿಲ್ಲ.

ಹಾಸುಯಿಯವರ ಬೆನ್ನಿಗೆ ವತನಾಬೆ ಶೋಝಾಬುರೊ ಎಂಬ ಪ್ರಕಾಶಕರಿದ್ದರು. ಕೆತ್ತುವವರನ್ನೂ ಅಚ್ಚೊತ್ತುವವರನ್ನೂ ಒಂದೆಡೆ ಸೇರಿಸಿ, ಹಿಮ, ಮಳೆ, ಬೆಳದಿಂಗಳುಗಳ ಚಿತ್ರಗಳನ್ನು ಮಾರಿದವರು ಅವರು. ನಮ್ಮಲ್ಲಿ ಛಾಯಾಗ್ರಾಹಕರಿಗೂ ಚಿತ್ರಕಾರರಿಗೂ ಬರವಿಲ್ಲ. ಆಷಾಢದ ಪುಟಕ್ಕೂ ಮಾಘದ ಬಿಸಿಲನ್ನೇ ಬೇಡುವ ಕ್ಯಾಲೆಂಡರ್ ಪ್ರಕಾಶಕರು ಒಮ್ಮೆಯಾದರೂ ನೆನೆದ ಬಸದಿಯನ್ನು ಕೇಳಿ ನೋಡಲಿ.