ಆಪರೇಷನ್ ಆದ ಮೇಲೆ ಕೆಲಸಕ್ಕೆ ಯಾವಾಗ?

ನಾನು ಜರ್ಮನಿಯಲ್ಲಿ ಕೆಲಸ ಮಾಡೋದು. ಮಂಡಿಚಿಪ್ಪಿನ ಆಪರೇಷನ್ ಆಗಿದ್ದ ನಮ್ಮ ಗೋದಾಮಿನ ಸಹೋದ್ಯೋಗಿ ಮೊನ್ನೆ ಕೆಲಸಕ್ಕೆ ಬಂದರು. ಎರಡೇ ಗಂಟೆ ಇದ್ದು ಹೊರಟುಬಿಟ್ಟರು. ಯಾರೂ ಹುಬ್ಬೇರಿಸಲಿಲ್ಲ. ಡಾಕ್ಟರು ಒಂದು ಹಾಳೆ ಬರೆದುಕೊಟ್ಟಿದ್ದರು: ಮೊದಲ ಎರಡು ವಾರ ದಿನಕ್ಕೆ 2 ಗಂಟೆ, ಆಮೇಲೆ 4, ಆಮೇಲೆ 6, ಕೊನೆಗೆ ಪೂರ್ತಿ ಪಾಳಿ. ಅಲ್ಲಿಯವರೆಗೆ ಏಣಿ ಹತ್ತುವಂತಿಲ್ಲ, ಭಾರ ಎತ್ತುವಂತಿಲ್ಲ. ಇಲ್ಲಿ ಇದಕ್ಕೆ ಹ್ಯಾಂಬರ್ಗ್ ಮಾದರಿ ಅಂತಾರೆ. ಹೀಗೆ ಬಂದು ಹೋಗುವಾಗಲೂ ಲೆಕ್ಕಕ್ಕೆ ಅವರು ಕಾಯಿಲೆ ರಜೆಯಲ್ಲೇ ಇರುತ್ತಾರೆ.

ನನಗೆ ತಕ್ಷಣ ನೆನಪಾಗಿದ್ದು ಊರಲ್ಲಿರುವ ಚಿಕ್ಕಪ್ಪನ ಮಗ. ಅವನದೂ ಮೂಟೆ ಹೊರುವ ಕೆಲಸ. ಹರ್ನಿಯಾ ಆಪರೇಷನ್ ಆದಾಗ ಆರು ವಾರ ಭಾರ ಎತ್ತಬೇಡ ಅಂತ ಡಾಕ್ಟರು ಹೇಳಿದ್ದರು. ಹೊಲಿಗೆ ಬಿಚ್ಚಿದ ವಾರವೇ ಹೋಗಿ ಮೂಟೆಗೆ ಹೆಗಲು ಕೊಟ್ಟ. ಫೋನಲ್ಲಿ ಬೈದೆ. "ಸಂಬಳ ಯಾರು ಕೊಡ್ತಾರಣ್ಣ?" ಅಂದ.

ಅವನ ಪ್ರಶ್ನೆಯಲ್ಲೇ ಎಲ್ಲಾ ಇದೆ. ಗಾಯ ಮಾಯುವುದು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಥರ. ಅದೇ ಹರ್ನಿಯಾ ಆದವರು ಕುರ್ಚಿ ಕೆಲಸಕ್ಕಾದರೆ ಒಂದೆರಡು ವಾರದಲ್ಲಿ ಹೋಗಬಹುದು. ಮೂಟೆ ಹೊರುವವನು ಜಾಸ್ತಿ ದಿನ ಕಾಯಬೇಕು, ಆದರೆ ಕಾಯುವ ಶಕ್ತಿ ಅವನಿಗೇ ಕಡಿಮೆ. ಇಲ್ಲಿ ಜರ್ಮನಿಯಲ್ಲಿ ಕಾಯಿಲೆ ರಜೆಯ ಮೊದಲ ಆರು ವಾರ ಮಾಲೀಕರೇ ಪೂರ್ತಿ ಸಂಬಳ ಕೊಡಬೇಕು. ಆಮೇಲೆ ಆರೋಗ್ಯ ವಿಮೆ ಸಂಬಳದ ಸುಮಾರು 70% ಕೊಡುತ್ತದೆ. ನಮ್ಮ ದೇಶದಲ್ಲೂ ಇಎಸ್‌ಐ ಅನ್ನೋ ಕಾರ್ಮಿಕರ ವಿಮೆ ಇದೆ, ವರ್ಷಕ್ಕೆ 91 ದಿನದವರೆಗೆ ಕೂಲಿಯ 70% ಸಿಗುತ್ತದೆ. ಅವನ ಮಾಲೀಕ ಅವನ ಹೆಸರನ್ನೇ ಬರೆಸಿರಲಿಲ್ಲ.

ದುಡ್ಡಿನ ಮಾತು ಬಿಡಿ, ನನಗೆ ಸಿಟ್ಟು ಬರೋದು ನಮ್ಮ ಊರ ಕಡೆ ಕೊಡೋ ಫಿಟ್ನೆಸ್ ಸರ್ಟಿಫಿಕೇಟ್ ನೋಡಿ. ಫಿಟ್, ಇಲ್ಲವೇ ಅನ್‌ಫಿಟ್. ಮಧ್ಯೆ ಏನೂ ಇಲ್ಲ. "ನಾಲ್ಕು ಗಂಟೆ ಸಾಕು, 5 ಕಿಲೋ ಮೀರಬಾರದು" ಅಂತ ಎರಡು ಸಾಲು ಬರೆಯೋಕೆ ಏನು ಖರ್ಚು? ಬಾಯಲ್ಲಿ ಹೇಳಿದ್ದು ಮಾಲೀಕನ ಕಿವಿಗೆ ಹೋಗಲ್ಲ. ಕಾಗದದಲ್ಲಿದ್ದರೆ ತೋರಿಸಿ ಕೇಳಬಹುದು, ಅಲ್ವಾ?

ಹಾಗಂತ ಇಲ್ಲಿ ಎಲ್ಲಾ ಸರಿ ಇದೆ ಅಂತಲ್ಲ. ಈ ಹಾಳೆಗೂ ಮಾಲೀಕ ಒಪ್ಪಲೇಬೇಕು, ಬಹುತೇಕರ ವಿಷಯದಲ್ಲಿ ಆತ ಆಗಲ್ಲ ಅಂದರೆ ಮುಗೀತು. ಇನ್ನೊಂದನ್ನೂ ಒಪ್ಪಬೇಕು. ಆ ಸಹೋದ್ಯೋಗಿ ಬೇಗ ಬಂದದ್ದಕ್ಕೆ ಮಂಡಿ ವಾಸಿಯಾದದ್ದೊಂದೇ ಕಾರಣ ಅಲ್ಲ. ಮನೆಯಲ್ಲಿ ಒಬ್ಬರೇ, ಮಾತಾಡಿಸೋಕೆ ಯಾರೂ ಇಲ್ಲ ಅಂದರು. ಊರಲ್ಲಿ ನಮ್ಮ ಚಿಕ್ಕಪ್ಪನ ಮಗನ ಮಂಚದ ಸುತ್ತ ಒಂದು ದಿನವೂ ಜನ ಕಡಿಮೆ ಆಗಿರಲಿಲ್ಲ.