ಅಂಗವಿಕಲರ ಪಿಂಚಣಿ ಬರೀ ಕೇಂದ್ರದ ಕೆಲಸವಾ? ಒಂದು ಸ್ಪಷ್ಟನೆ

'ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಬಂದ ಮೇಲೆ ಅಂಗವಿಕಲರ ವಿಷಯ ಪೂರ್ತಿ ಕೇಂದ್ರದ್ದು, ರಾಜ್ಯವನ್ನು ಕೇಳಬೇಡಿ' ಎಂಬ ವಾಟ್ಸ್ಆ್ಯಪ್ ಸಂದೇಶ ನನಗೂ ಬಂತು. ಅದು ತಪ್ಪು.

ಯಾವ ವಿಷಯ ಕೇಂದ್ರದ್ದು, ಯಾವುದು ರಾಜ್ಯದ್ದು ಅಂತ ಹಂಚುವ ಸಂವಿಧಾನದ 7ನೇ ಅನುಸೂಚಿ ತೆಗೆದು ನೋಡಿ. ರಾಜ್ಯ ಪಟ್ಟಿಯ 9ನೇ ನಮೂದೇ ಅಂಗವಿಕಲರಿಗೆ, ದುಡಿಯಲಾಗದವರಿಗೆ ಪರಿಹಾರ ಕೊಡುವ ವಿಷಯ. ಅಂದರೆ ಇದು ಮೊದಲಿನಿಂದಲೂ ರಾಜ್ಯದ ಪಾಲಿಗೆ ಬಂದ ಕೆಲಸ. ಕಾರ್ಡ್ ಗುರುತಿಗೆ ಮಾತ್ರ. ಅದು ಬಂದ ಮಾತ್ರಕ್ಕೆ ಹಣ ಬರೋದಿಲ್ಲ. ಪಿಂಚಣಿಗೆ ಬೇರೆ ಅರ್ಜಿ ಹಾಕಲೇಬೇಕು. ನಮ್ಮಲ್ಲಿ ಅದು ನಾಡಕಚೇರಿಯಲ್ಲಿ.

ದುಡ್ಡಿನ ಲೆಕ್ಕ ನೋಡಿದರೆ ವಿಷಯ ಇನ್ನೂ ಸ್ಪಷ್ಟ. ಇಂದಿರಾಗಾಂಧಿ ಹೆಸರಿನ ಕೇಂದ್ರದ ಅಂಗವಿಕಲರ ಪಿಂಚಣಿ ಯೋಜನೆಯಲ್ಲಿ 18ರಿಂದ 79 ವರ್ಷದವರಿಗೆ ತಿಂಗಳಿಗೆ ಕೇಂದ್ರದ ಪಾಲು ಬರೀ 300 ರೂಪಾಯಿ. ಅದೂ ಬಡತನ ರೇಖೆಗಿಂತ ಕೆಳಗಿರಬೇಕು, ವೈಕಲ್ಯ ಶೇ 80 ಇರಬೇಕು. ಅದಕ್ಕಿಂತ ಕಡಿಮೆ ವೈಕಲ್ಯ ಇರುವ ಎಷ್ಟೋ ಜನ ಈ ಲೆಕ್ಕಕ್ಕೇ ಸಿಗುವುದಿಲ್ಲ! ಕರ್ನಾಟಕದ ಪಿಂಚಣಿಗೆ ಶೇ 40 ಸಾಕು.

ಹಾಗಂತ ಕೇಂದ್ರ ಕೈ ತೊಳೆದುಕೊಳ್ಳುವ ಹಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇಬ್ಬರನ್ನೂ ಕಟ್ಟಿಹಾಕುತ್ತದೆ. ಅದರ 24ನೇ ಸೆಕ್ಷನ್ ಪ್ರಕಾರ, ಬೇರೆಯವರಿಗೆ ಇರುವ ಅಂಥದ್ದೇ ಯೋಜನೆಗಿಂತ ಅಂಗವಿಕಲರಿಗೆ ಕನಿಷ್ಠ ಶೇ 25 ಜಾಸ್ತಿ ನೆರವು ಸಿಗಬೇಕು. 'ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ' ಅಂತ ಒಂದು ಬಾಲವೂ ಅದಕ್ಕಿದೆ. ಸರ್ಕಾರಗಳು ಹಿಡಿದುಕೊಳ್ಳೋದು ಆ ಬಾಲವನ್ನೇ ಅಲ್ವಾ?

ಯಾರಾದರೂ 'ಇದು ನಮ್ಮದಲ್ಲ' ಅಂತ ಬಾಯಿಮಾತಲ್ಲಿ ವಾಪಸ್ ಕಳಿಸಿದರೆ ಸುಮ್ನೆ ಬರಬೇಡಿ. ಅದನ್ನು ಬರವಣಿಗೆಯಲ್ಲಿ ಕೇಳಿ.